ಹಳೆಯ ಪದ್ಮಿನಿಯ ಹೆಡ್ ಗ್ಯಾಸ್ಕೆಟ್: ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಚಿತ್ರದುರ್ಗದಿಂದ ದಾವಣಗೆರೆಗೆ ಹೆಚ್ಚುಕಡಿಮೆ 60 ಕಿಲೋಮೀಟರ್. ಆ ದಾರಿಯಲ್ಲಿ ನಮ್ಮ ಮನೆಯ 1986ರ ಪ್ರೀಮಿಯರ್ ಪದ್ಮಿನಿ ಒಂದೇ ವರ್ಷದಲ್ಲಿ ಎರಡು ಸಲ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡಿತು. ಎಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವೆ ಇದ್ದು, ಉರಿಯುವ ಗಾಳಿ, ನೀರು, ಆಯಿಲ್ ಒಂದಕ್ಕೊಂದು ಸೇರದಂತೆ ತಡೆಯುವ ತೆಳು ಹಾಳೆ ಅದು. ಎರಡು ಸಲವೂ ಭರಮಸಾಗರ ದಾಟಿದ ಮೇಲೆ, ಆನಗೋಡು ಬರುವ ಮೊದಲು. ಎರಡು ಸಲವೂ ಗ್ಯಾರೇಜಿನವರು ಹೆಡ್ ಬಿಚ್ಚಿದರು, ಹೊಸ ಗ್ಯಾಸ್ಕೆಟ್ ಹಾಕಿದರು, ಮುಚ್ಚಿ ಕೊಟ್ಟರು. ಅದು ಏಕೆ ಸುಟ್ಟಿತು ಎಂದು ಅವರು ಹುಡುಕಲಿಲ್ಲ, ನಾನೂ ಕೇಳಲಿಲ್ಲ. ಮೂರನೆಯ ಸಲ ಎಂಜಿನ್ ತಡವರಿಸಲು ತೊಡಗಿದಾಗ ಗಾಡಿಯನ್ನು ದಾವಣಗೆರೆಯ ಪಿ.ಬಿ. ರಸ್ತೆಯ ಪಕ್ಕದ ಓಣಿಯಲ್ಲಿರುವ ಒಬ್ಬ ಹಿರಿಯ ಮೇಸ್ತ್ರಿಯ ಬಳಿಗೆ ಒಯ್ದೆ. ಎರಡು ದಿನ ಅವರ ಜೊತೆಯಲ್ಲೇ ನಿಂತು ಕೈಗೆ ಪಾನಾ ಕೊಡುತ್ತಾ ಕಲಿತದ್ದನ್ನು, ಆಮೇಲೆ ನಾನೇ ಮಾಡಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ. ಹಳೆಯ ಗಾಡಿಯನ್ನು ಮಾರಲು ಮನಸ್ಸಿಲ್ಲದೆ ಇಟ್ಟುಕೊಂಡಿರುವವರಿಗೆ ಇದು ಉಪಯೋಗಕ್ಕೆ ಬರಬೇಕು ಎಂಬುದು ನನ್ನ ಆಸೆ.

ಗಾಡಿಯ ಪರಿಚಯ ಎರಡು ಮಾತಿನಲ್ಲಿ. ಪದ್ಮಿನಿಯ ಮೂಲ ಇಟಲಿಯ ಫಿಯಟ್ 1100. ಮುಂಬೈಯ ಪ್ರೀಮಿಯರ್ ಆಟೊಮೊಬೈಲ್ಸ್ ಅದನ್ನು ಇಲ್ಲಿ ತಯಾರಿಸುತ್ತಿತ್ತು. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಬ್ಲಾಕ್ ಎರಕದ ಕಬ್ಬಿಣದ್ದು, ಮೇಲಿನ ಹೆಡ್ ಅಲ್ಯೂಮಿನಿಯಂನದು. ಈ ಕೊನೆಯ ಮಾತಿನಲ್ಲೇ ಅರ್ಧ ಕಥೆ ಇದೆ. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನಡುವೆ ಸಿಕ್ಕಿಕೊಂಡಿರುವ ಗ್ಯಾಸ್ಕೆಟ್ ಪ್ರತಿ ಸಲ ಕಾದು ಆರುವಾಗಲೂ ಈ ಎಳೆದಾಟವನ್ನು ತಡೆದುಕೊಳ್ಳಬೇಕು. ಒಂದೇ ಒಂದು ಸಲ ನೀರು ಕುದಿದು ಹೆಡ್ ಅತಿಯಾಗಿ ಕಾದರೂ ಸಾಕು, ಅದು ಸೊಟ್ಟಗಾಗುತ್ತದೆ; ಗ್ಯಾಸ್ಕೆಟ್ ಮೇಲಿನ ಹಿಡಿತ ಸಡಿಲವಾಗುತ್ತದೆ.

ದಾರಿಯಲ್ಲಿ ಕುದಿ ಬಂದರೆ

ಎಂಜಿನ್ನಿನ ಬಿಸಿ ತೋರುವ ಮುಳ್ಳು ಕೆಂಪಿನ ಹತ್ತಿರ ಬಂದರೆ ನೆರಳು ಹುಡುಕುತ್ತಾ ಇನ್ನೊಂದು ಕಿಲೋಮೀಟರ್ ಹೋಗಬೇಡಿ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿ, ದೂರ ನಿಲ್ಲಿ. ರೇಡಿಯೇಟರ್ ಮುಚ್ಚಳವನ್ನು ಮುಟ್ಟಬೇಡಿ. ಆವಿ ಆಗದೆ ಉಳಿದಿರುವ ನೀರು ಒತ್ತಡದಲ್ಲಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣದಲ್ಲಿ ಅಷ್ಟೂ ನೀರು ಮುಖಕ್ಕೆ ಎರಚುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ, ಆಮೇಲೆ ಗ್ಯಾಸ್ಕೆಟ್ ಬದಲಿಸಿ ಪ್ರಯೋಜನವಿಲ್ಲ.

ಮುಳ್ಳಿನ ಬಗ್ಗೆ ಒಂದು ಎಚ್ಚರಿಕೆ. ಏರುತ್ತಾ ಹೋದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಎಂಜಿನ್ ತಣ್ಣಗಾಯಿತು ಎಂದು ನಿಟ್ಟುಸಿರು ಬಿಡಬೇಡಿ. ನೀರೆಲ್ಲ ಖಾಲಿಯಾಗಿ, ಅಳೆಯುವ ಬಲ್ಬಿಗೆ ನೀರು ತಗುಲದಿದ್ದಾಗಲೂ ಮುಳ್ಳು ಹಾಗೆಯೇ ಇಳಿಯುತ್ತದೆ. ಮೊದಲ ಸಲ ನಾನು ಕೆಟ್ಟದ್ದು ಅಲ್ಲಿಯೇ. ಮುಳ್ಳು ಇಳಿದಿದೆ ಎಂದು ಆನಗೋಡಿನ ತನಕ ಓಡಿಸಿದೆ.

ಸೋರಿಕೆ ನಿಲ್ಲಿಸಲು ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ಸಣ್ಣ ಸೋರಿಕೆ ನಿಲ್ಲುವುದು ನಿಜ, ರಾತ್ರಿ ಹೊತ್ತು ಊರು ಸೇರಲು ಬೇರೆ ದಾರಿ ಇಲ್ಲದಿದ್ದರೆ ಹಾಕಿ. ಆದರೆ ಊರು ಮುಟ್ಟಿದ ಮರುದಿನವೇ ಪೂರ್ತಿ ನೀರು ಇಳಿಸಿ ತೊಳೆಯಬೇಕು. ಏಕೆ ಎನ್ನುವುದು ಮುಂದೆ ಬರುತ್ತದೆ.

ಹೋಗಿರುವುದು ಗ್ಯಾಸ್ಕೆಟ್ಟೇ ಹೌದೇ

ಒಂದೇ ಲಕ್ಷಣ ನೋಡಿ ತೀರ್ಮಾನಕ್ಕೆ ಬರಬಾರದು. ಹೆಡ್ ಬಿಚ್ಚುವುದು ದೊಡ್ಡ ಕೆಲಸ, ಬಿಚ್ಚಿದ ಮೇಲೆ ಹೊಸ ಗ್ಯಾಸ್ಕೆಟ್ ಹಾಕಲೇಬೇಕು. ಆದ್ದರಿಂದ ಕನಿಷ್ಠ ಎರಡು ಪರೀಕ್ಷೆಗಳು ಒಂದೇ ಮಾತು ಹೇಳಬೇಕು.

ಮೊದಲು ಎಂಜಿನ್ ಆಯಿಲ್ ನೋಡಿ. ಡಿಪ್ ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಅಂಥ ಎಂಜಿನ್ನನ್ನು ಮತ್ತೆ ಒಂದು ನಿಮಿಷವೂ ಓಡಿಸಬಾರದು, ಬೇರಿಂಗುಗಳು ಹಾಳಾಗುತ್ತವೆ. ಆದರೆ ಆಯಿಲ್ ಸುರಿಯುವ ಮುಚ್ಚಳದ ಒಳಗೆ ಮಾತ್ರ ಬೆಣ್ಣೆಯಂಥ ತೆಳುವಾದ ಬಿಳಿ ಪಸೆ ಕಂಡರೆ ಗಾಬರಿ ಬೇಡ. ಮಳೆಗಾಲದಲ್ಲಿ, ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಎನ್ನುವಷ್ಟೇ ಓಡುವ ಗಾಡಿಯಲ್ಲಿ ಗಾಳಿಯ ತೇವವೇ ಹಾಗೆ ಕೂರುತ್ತದೆ. ಒಂದು ಗಂಟೆ ಚೆನ್ನಾಗಿ ಕಾಯುವಂತೆ ಓಡಿಸಿದರೆ ಹೋಗುತ್ತದೆ. ಗ್ಯಾಸ್ಕೆಟ್ ಹೋದರೂ ಆಯಿಲ್ ಸ್ವಚ್ಛವಾಗಿಯೇ ಇರಬಹುದು ಎಂಬುದೂ ನೆನಪಿರಲಿ. ಎಲ್ಲಿ ಸುಟ್ಟಿದೆ ಎನ್ನುವುದರ ಮೇಲೆ ಅದು ನಿಂತಿದೆ. ನಮ್ಮ ಗಾಡಿಯ ಆಯಿಲ್ ಮೂರು ಸಲವೂ ಕಪ್ಪಾಗಿಯೇ ಇತ್ತು.

ಸೈಲೆನ್ಸರಿನ ಬಿಳಿ ಹೊಗೆಯೂ ಹಾಗೆಯೇ. ಡಿಸೆಂಬರಿನ ಬೆಳಗಿನಲ್ಲಿ ಎಲ್ಲ ಗಾಡಿಯೂ ಬಿಳಿ ಆವಿ ಬಿಡುತ್ತದೆ. ಎಂಜಿನ್ ಕಾದು ಹತ್ತು ನಿಮಿಷವಾದ ಮೇಲೂ ಬಿಡುತ್ತಿದ್ದರೆ, ಸಿಹಿ ವಾಸನೆ ಇದ್ದರೆ, ಕೂಲೆಂಟ್ (ರೇಡಿಯೇಟರಿನ ನೀರಿಗೆ ಬೆರೆಸುವ ದ್ರವ) ಉರಿಯುತ್ತಿದೆ.

ಮೂರನೆಯದು ಗುಳ್ಳೆ. ರಾತ್ರಿಯಿಡೀ ಆರಿದ ಎಂಜಿನ್, ಮುಚ್ಚಳ ತೆಗೆದ ರೇಡಿಯೇಟರ್, ಬಾಯಿ ಮಟ್ಟಕ್ಕೆ ನೀರು. ಈಗ ಎಂಜಿನ್ ಹಚ್ಚಿ. ಮೊದಲಿಗೆ ಬರುವ ಒಂದೆರಡು ಗುಳ್ಳೆಗಳು ಒಳಗೆ ಸಿಕ್ಕಿಕೊಂಡಿದ್ದ ಗಾಳಿ. ನಿಲ್ಲದೆ ಸಾಲುಗುಳ್ಳೆ ಏಳುತ್ತಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ನೀರು ಬುಸ್ಸೆಂದು ಮೇಲೆದ್ದರೆ, ಸಿಲಿಂಡರಿನ ಉರಿದ ಗಾಳಿ ನೀರಿನ ದಾರಿಗೆ ನುಗ್ಗುತ್ತಿದೆ. ಮುಚ್ಚಳ ಹಾಕಿದ ಎಂಜಿನ್ನಿನಲ್ಲಿ ಇದನ್ನೇ ಕೈಯಿಂದ ತಿಳಿಯಬಹುದು: ತಣ್ಣಗಿರುವಾಗ ಹಚ್ಚಿದ ಎರಡೇ ನಿಮಿಷಕ್ಕೆ, ನೀರು ಇನ್ನೂ ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಪೈಪ್ ಕಲ್ಲಿನಂತೆ ಬಿಗಿದಿದ್ದರೆ ಆ ಒತ್ತಡ ಆವಿಯದಲ್ಲ.

ಇಷ್ಟಾದ ಮೇಲೆ ಕಂಪ್ರೆಷನ್ ಗೇಜ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಎಷ್ಟು ಒತ್ತಡ ಕಟ್ಟುತ್ತದೆ ಎಂದು ಅಳೆಯುವ ಸಾಧನ. ಇದು ಎಲ್ಲಕ್ಕಿಂತ ನಂಬಬಹುದಾದ ಸಾಕ್ಷಿ. ಎಂಜಿನ್ ಸ್ವಲ್ಪ ಬೆಚ್ಚಗಿರಲಿ. ಪ್ಲಗ್ ವೈರುಗಳಿಗೆ ಸುಣ್ಣದಿಂದ 1, 2, 3, 4 ಎಂದು ಗುರುತು ಹಾಕಿ ನಾಲ್ಕೂ ಪ್ಲಗ್ ಬಿಚ್ಚಿ, ಅದೇ ಸಾಲಿನಲ್ಲಿ ಕಾಗದದ ಮೇಲೆ ಇಡಿ. ಒಂದು ಪ್ಲಗ್ ಮಾತ್ರ ಆವಿಯಿಂದ ತೊಳೆದಂತೆ ಬೆಳ್ಳಗೆ ಹೊಳೆಯುತ್ತಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದೆ. ಕಿಡಿ ಹಾರದಂತೆ ಇಗ್ನಿಷನ್ ಕಾಯಿಲಿನ ಸಂಪರ್ಕ ತಪ್ಪಿಸಿ. ಗೇಜನ್ನು ಒಂದೊಂದೇ ಪ್ಲಗ್ ತೂತಿಗೆ ಕೂರಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಗೇಜಿನ ಮುಳ್ಳು ಏರುವುದು ನಿಲ್ಲುವ ತನಕ ಸ್ಟಾರ್ಟರ್ ತಿರುಗಿಸಿ. ಬ್ಯಾಟರಿ ತುಂಬಿರಬೇಕು, ಇಲ್ಲದಿದ್ದರೆ ಕೊನೆಯ ಸಿಲಿಂಡರಿನ ಅಂಕಿ ಸುಮ್ಮನೆ ಕಡಿಮೆ ತೋರುತ್ತದೆ.

ಅಂಕಿ ಎಷ್ಟು ಬಂತು ಎನ್ನುವುದಕ್ಕಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ಶೇ 10ರೊಳಗೆ ಇದ್ದರೆ ಸರಿ. ನಮ್ಮ ಗಾಡಿಯಲ್ಲಿ ಬಂದದ್ದು 120, 118, 70, 65 (ಚದರ ಇಂಚಿಗೆ ಪೌಂಡ್ ಲೆಕ್ಕದಲ್ಲಿ). ಅಕ್ಕಪಕ್ಕದ ಎರಡು ಸಿಲಿಂಡರ್ ಜೊತೆಯಾಗಿ ಬಿದ್ದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಪಟ್ಟಿ ಸುಟ್ಟಿದೆ ಎನ್ನುವುದು ಬಹುಮಟ್ಟಿಗೆ ಖಚಿತ. ಒಂದೇ ಸಿಲಿಂಡರ್ ಬಿದ್ದಿದ್ದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ; ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಹಾಗಾದರೆ ಕುದಿದದ್ದು ಏಕೆ

ಇಲ್ಲಿಗೆ ಬಂದಾಗ ನಮ್ಮ ಹಿಂದಿನ ಗ್ಯಾರೇಜಿನವರು ಪಾನಾ ಕೈಗೆತ್ತಿಕೊಂಡಿದ್ದರು. ಹಿರಿಯ ಮೇಸ್ತ್ರಿಗಳು ಗೇಜನ್ನು ಒರೆಸಿ ಡಬ್ಬಿಯಲ್ಲಿಟ್ಟು, "ತಮ್ಮಾ, ಹೆಡ್ ನಾಳೆ ಬಿಚ್ಚೋಣ. ಇವತ್ತು ರೇಡಿಯೇಟರ್ ಇಳಿಸು" ಎಂದರು.

ಅದಕ್ಕೂ ಮೊದಲು ಅವರು ಒಂದು ಪ್ರಶ್ನೆ ಕೇಳಿದ್ದರು: "ಕುದಿಯುವುದು ಊರೊಳಗೋ, ಹೈವೇಯಲ್ಲೋ?" ಇಷ್ಟು ವರ್ಷ ಗಾಡಿ ಓಡಿಸಿದ್ದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಊರೊಳಗೆ ನಿಂತು ಹೊರಡುವಾಗ ಮುಳ್ಳು ಏರಿ, ಹೈವೇಗೆ ಬಿದ್ದ ಮೇಲೆ ಇಳಿದರೆ ಕೊರತೆ ಗಾಳಿಯದು. ಫ್ಯಾನ್ ಬೆಲ್ಟ್ ಸಡಿಲವಾಗಿದೆ, ಇಲ್ಲವೇ ರೇಡಿಯೇಟರಿನ ಮುಂದಿನ ಜಾಲಿಯಲ್ಲಿ ಹುಳ, ಹುಲ್ಲು, ಹತ್ತಿ ಎಳೆ ತುಂಬಿದೆ. ಊರೊಳಗೆ ಸುಮ್ಮನಿದ್ದು, ಹೈವೇಯಲ್ಲಿ 70-80ರ ವೇಗದಲ್ಲಿ ಅರ್ಧ ಗಂಟೆ ಓಡಿದ ಮೇಲೆ ಏರಿದರೆ ಕೊರತೆ ನೀರಿನದು. ಎಂಜಿನ್ ಹೊರಹಾಕುವಷ್ಟು ಬಿಸಿಯನ್ನು ಹೊತ್ತೊಯ್ಯಲು ಬೇಕಾದಷ್ಟು ನೀರು ತಿರುಗುತ್ತಿಲ್ಲ. ನಮ್ಮದು ಎರಡನೆಯದು. ಭರಮಸಾಗರದ ಆಚೆಯೇ ಎರಡು ಸಲವೂ ಏಕೆ ಕೆಟ್ಟಿತು ಎಂಬುದಕ್ಕೆ ಉತ್ತರ ಅಷ್ಟೇ: ಚಿತ್ರದುರ್ಗದಿಂದ ಹೊರಟು ಅರ್ಧ ಗಂಟೆ ಆಗುವುದು ಅಲ್ಲಿ.

ಬೆಲ್ಟ್, ಹೋಸು, ಮುಚ್ಚಳಗಳನ್ನು ಬೇಗ ನೋಡಿ ಮುಗಿಸಬಹುದು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚಿನಷ್ಟು ತಗ್ಗಬೇಕು. ಕೆಳಗಿನ ಹೋಸ್ ಪೈಪನ್ನು ಕೈಯಿಂದ ಹಿಸುಕಿ; ಮೆತ್ತಗಾಗಿದ್ದರೆ ಬದಲಿಸಿ. ಪಂಪು ನೀರನ್ನು ಹೀರಿಕೊಳ್ಳುವುದು ಈ ಹೋಸಿನಿಂದ, ವೇಗ ಹೆಚ್ಚಿದಾಗ ಮೆತ್ತಗಿನ ಹೋಸು ಒಳಕ್ಕೆ ಚಪ್ಪಟೆಯಾಗಿ ನೀರನ್ನು ತಡೆಯುತ್ತದೆ. ಎಂಜಿನ್ ನಿಂತಾಗ ಮತ್ತೆ ಉಬ್ಬಿಕೊಳ್ಳುವುದರಿಂದ ನಿಲ್ಲಿಸಿ ನೋಡಿದವರಿಗೆ ಏನೂ ಕಾಣುವುದಿಲ್ಲ. ವಾಟರ್ ಪಂಪಿನ ಕೆಳಗಿರುವ ಸಣ್ಣ ತೂತಿನಿಂದ ತುಕ್ಕುನೀರು ಇಳಿದ ಗೆರೆ ಇದ್ದರೆ ಪಂಪಿನ ಸೀಲ್ ಹೋಗಿದೆ. ಫ್ಯಾನನ್ನು ಹಿಡಿದು ಹಿಂದೆ ಮುಂದೆ ಆಡಿಸಿದಾಗ ಅಲ್ಲಾಡಿದರೆ ಪಂಪಿನ ಬೇರಿಂಗ್ ಹೋಗಿದೆ. ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ಗಿನ ಕಿಡಿ ಹಾರುವ ಹೊತ್ತು, ಹಿಂದೆ ಬಿದ್ದಿದ್ದರೂ ಎಂಜಿನ್ ಕಾಯುತ್ತದೆ, ಅದನ್ನೂ ನೋಡಿ.

ಮುಚ್ಚಳವನ್ನು ಅನೇಕರು ಬರೀ ಮುಚ್ಚಳ ಎಂದುಕೊಂಡಿದ್ದಾರೆ. ಅದು ಪ್ರೆಷರ್ ಕುಕ್ಕರಿನ ಸೀಟಿಯ ಕೆಲಸ ಮಾಡುತ್ತದೆ. ಚಿತ್ರದುರ್ಗ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ. ತೆರೆದ ಪಾತ್ರೆಯಲ್ಲಿ ನೀರು ಇಲ್ಲಿ 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗ್ ಹಿಡಿದಿಡುವ ಪ್ರತಿ ಒಂದು ಪೌಂಡ್ ಒತ್ತಡಕ್ಕೆ ಕುದಿಯುವ ಮಟ್ಟ ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತದೆ. ರಬ್ಬರ್ ಸೀಳಿದ ಮುಚ್ಚಳದಲ್ಲಿ ಆ ರಕ್ಷಣೆ ಇಲ್ಲ. ಸಿಕ್ಕಿದ ಮುಚ್ಚಳ ತಂದು ಹಾಕಬೇಡಿ. ಹಳೆಯದರ ಮೇಲೆ ಬರೆದಿರುವ ಒತ್ತಡದ ಅಂಕಿಯೇ ಹೊಸದರಲ್ಲೂ ಇರಲಿ. ಹೆಚ್ಚು ಒತ್ತಡದ್ದು ಹಾಕಿದರೆ ಹಳೆಯ ರೇಡಿಯೇಟರಿನ ಬೆಸುಗೆ ಬಿಡುತ್ತದೆ.

ಥರ್ಮೋಸ್ಟಾಟ್ (ಎಂಜಿನ್ ಕಾಯುವ ತನಕ ರೇಡಿಯೇಟರಿಗೆ ನೀರು ಬಿಡದ ಕವಾಟ) ಇದ್ದರೆ ಅದನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಒತ್ತಿರುವ ಡಿಗ್ರಿಯ ಹತ್ತಿರ ಬಾಯಿ ತೆರೆಯಬೇಕು. ಹಳೆಯ ಗಾಡಿಗಳಲ್ಲಿ ಇದನ್ನು ಯಾರೋ ಕಿತ್ತು ಬಿಸಾಡಿರುವುದೇ ಹೆಚ್ಚು. ಕೀಳುವುದರಿಂದ ಕುದಿ ವಾಸಿಯಾಗುವುದಿಲ್ಲ. ಬೇರೆ ಕಡೆಯ ಕಾಯಿಲೆ ನಾಲ್ಕು ದಿನ ಮರೆಯಾಗುತ್ತದೆ, ಚಳಿಗಾಲದಲ್ಲಿ ಎಂಜಿನ್ ಸರಿಯಾಗಿ ಕಾಯದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ರೇಡಿಯೇಟರಿನೊಳಗೆ ಸಿಕ್ಕಿದ್ದು

ರೇಡಿಯೇಟರ್ ಇಳಿಸಿ ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದೆವು. ಮೇಸ್ತ್ರಿಗಳು ಕೆಳಗಿನ ಬಾಯಿಗೆ ಅಂಗೈ ಒತ್ತಿ, ನನ್ನ ಕೈಯಲ್ಲಿ ಒಂದು ಬಿಂದಿಗೆ ನೀರು ಹೊಯ್ಯಿಸಿದರು. ತುಂಬಿದ ಮೇಲೆ ಕೈ ತೆಗೆದರು. ಸರಿಯಾದ ರೇಡಿಯೇಟರಿನಲ್ಲಿ ನೀರು ಕೆಳಗಿನ ಬಾಯಿಯ ತುಂಬಾ ಧುಮುಕಬೇಕು. ನಮ್ಮದರಲ್ಲಿ ಬಿಂದಿಗೆಯ ಬಾಯಿಂದ ವಾಲಿಸಿದಂತೆ ತೆಳ್ಳಗೆ ಇಳಿಯಿತು, ಕೊನೆಗೆ ದಾರದಂತಾಯಿತು. ಗಾಡಿಯ ಮೇಲೆ ಇರುವಾಗಲೇ ಅನುಮಾನ ತೀರಿಸಿಕೊಳ್ಳಲು ಇನ್ನೊಂದು ಉಪಾಯವಿದೆ: ಎಂಜಿನ್ ಚೆನ್ನಾಗಿ ಕಾದ ಮೇಲೆ ಆರಿಸಿ, ರೇಡಿಯೇಟರಿನ ಮುಖದ ಮೇಲೆ ಒದ್ದೆ ಬಟ್ಟೆ ಎಳೆಯಿರಿ. ಬಿಸಿ ಇರುವ ಕಡೆ ಬೇಗ ಆರುತ್ತದೆ, ನೀರು ಹರಿಯದ ಕೊಳವೆಗಳ ಜಾಗ ಒದ್ದೆಯಾಗಿಯೇ ಉಳಿಯುತ್ತದೆ.

ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ ಎತ್ತಿದಾಗ ಒಳಗೆ ಕಂಡದ್ದನ್ನು ನಾನು ಮರೆಯುವುದಿಲ್ಲ. ಚಪ್ಪಟೆ ಕೊಳವೆಗಳ ಬಾಯಿಗಳು ಸಾಲಾಗಿ ಇರಬೇಕಾದಲ್ಲಿ ಬಿಳಿಯ ಸುಣ್ಣದ ಪೊರೆ. ಅದರ ಮೇಲೆ, ಮೂಲೆಗಳಲ್ಲಿ ಒತ್ತಾಗಿ, ಒಣಗಿದ ಹಳದಿ ಮುದ್ದೆ. ಮೇಸ್ತ್ರಿಗಳು ಉಗುರಿನಿಂದ ಕೆರೆದು ಮೂಸಿ ನನ್ನ ಕಡೆ ಚಾಚಿದರು. ಅರಿಶಿನ. ವರ್ಷಗಳ ಹಿಂದೆ ಹೊಸದುರ್ಗದಿಂದ ಬರುವಾಗ ರೇಡಿಯೇಟರ್ ಸೋರಿ, ಅಪ್ಪ ದಾರಿಯ ಅಂಗಡಿಯಲ್ಲಿ ಅರಿಶಿನದ ಪೊಟ್ಟಣ ಕೊಂಡು ಸುರಿದಿದ್ದರು. ಸೋರಿಕೆ ನಿಂತಿತು, ನಾವೆಲ್ಲ ಮನೆ ಸೇರಿದೆವು, ಅದನ್ನು ತೊಳೆಯುವುದು ಮರೆತುಹೋಯಿತು. ಸುಣ್ಣ ಕಟ್ಟಿ ಕಿರಿದಾಗಿದ್ದ ಕೊಳವೆಗಳ ಬಾಯಿಯನ್ನು ಆ ಅರಿಶಿನ ಪೂರ್ತಿ ಮುಚ್ಚಿತ್ತು. ಮೂರರಲ್ಲಿ ಒಂದು ಪಾಲು ಕೊಳವೆಗಳಲ್ಲಿ ಬೆಳಕು ಕಾಣುತ್ತಿರಲಿಲ್ಲ.

ಸುಣ್ಣದ ಮೂಲ ನಮ್ಮ ನೀರು. ಚಿತ್ರದುರ್ಗ ನಗರಕ್ಕೆ ಶಾಂತಿಸಾಗರ, ವಾಣಿವಿಲಾಸ ಸಾಗರಗಳ ನೀರು ಬರುತ್ತದೆ. ದಾವಣಗೆರೆಗೆ ತುಂಗಭದ್ರೆಯ ಮತ್ತು ಭದ್ರಾ ನಾಲೆಯ ನೀರು. ಆದರೆ ನಲ್ಲಿ ದಿನಾ ಬರುವುದಿಲ್ಲ, ಗಾಡಿಗೆ ಕೈಗೆ ಸಿಗುವುದು ಬೋರ್‌ವೆಲ್ಲಿನ ಗಡಸು ನೀರೇ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕಾದಾಗ ಬೇರ್ಪಟ್ಟು ಗಟ್ಟಿಯಾಗಿ ಅಂಟುತ್ತವೆ. ಬಚ್ಚಲಿನ ಹಂಡೆಯ ಒಳಗೆ, ಗೀಸರಿನ ಕಾಯಿಲಿನ ಮೇಲೆ ಕೂರುವ ಬಿಳಿ ಪೊರೆ ಇದೇ. ಹಂಡೆಯಲ್ಲಿ ಕೂತರೆ ಸೌದೆ ಹೆಚ್ಚು ಉರಿಯುತ್ತದೆ, ಅಷ್ಟೇ. ಎಂಜಿನ್ನಿನಲ್ಲಿ ಕೂತರೆ ಬಿಸಿ ಹೊರಗೆ ಹೋಗದೆ ಹೆಡ್ಡಿನಲ್ಲೇ ಉಳಿಯುತ್ತದೆ.

ಬರೀ ನೀರಿನಿಂದ ಆಗುವ ಇನ್ನೊಂದು ಹಾನಿ ಕಣ್ಣಿಗೆ ಬೇಗ ಬೀಳುವುದಿಲ್ಲ. ಕಬ್ಬಿಣ, ಅಲ್ಯೂಮಿನಿಯಂ ಎರಡೂ ಒಂದೇ ಉಪ್ಪುನೀರಿನಲ್ಲಿ ಮುಳುಗಿದ್ದರೆ ಅದೊಂದು ಸಣ್ಣ ಬ್ಯಾಟರಿಯೇ ಆಗುತ್ತದೆ, ಮತ್ತು ಸವೆಯುವ ಸರದಿ ಅಲ್ಯೂಮಿನಿಯಂನದು. ಹೆಡ್ಡಿನಲ್ಲಿ ನೀರಿನ ತೂತುಗಳ ಅಂಚು ಇಲಿ ಕಡಿದಂತೆ ತಿಂದುಹೋಗಿ, ಗ್ಯಾಸ್ಕೆಟ್ ಒತ್ತಿ ಕೂರಲು ಜಾಗವೇ ಇಲ್ಲದಂತಾಗುತ್ತದೆ. ಕೂಲೆಂಟಿನಲ್ಲಿರುವ ತುಕ್ಕು ತಡೆಯುವ ರಾಸಾಯನಿಕ ಇದನ್ನು ನಿಲ್ಲಿಸುತ್ತದೆ. ಹಿಮ ಬೀಳದ ಊರಿನಲ್ಲಿ ಕೂಲೆಂಟ್ ಏಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಜೊತೆ ಡಬ್ಬಿಯ ಮೇಲೆ ಹೇಳಿರುವ ಪ್ರಮಾಣದಲ್ಲಿ ಬೆರೆಸಿ ಹಾಕಿ. ಕೂಲೆಂಟ್ ವಿಷ, ರುಚಿ ಸಿಹಿ. ಇಳಿಸಿದ್ದನ್ನು ನಾಯಿ, ಮಕ್ಕಳು ಮುಟ್ಟುವಲ್ಲಿ ಇಡಬೇಡಿ.

ಸುಣ್ಣ ತೆಗೆಯಲು ಕಾಸ್ಟಿಕ್ ಸೋಡಾ ಹಾಕಿ ಎಂಜಿನ್ ಓಡಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಮಾಡಬೇಡಿ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಹೆಡ್ಡನ್ನೇ ಕರಗಿಸುತ್ತದೆ. ಹಿತ್ತಾಳೆ-ತಾಮ್ರದ ಹಳೆಯ ರೇಡಿಯೇಟರನ್ನು ಬಿಚ್ಚಿ, ಕೊಳವೆಗಳಲ್ಲಿ ತೆಳುವಾದ ಲೋಹದ ಪಟ್ಟಿ ತೂರಿಸಿ ಸ್ವಚ್ಛಮಾಡಿ ಮತ್ತೆ ಬೆಸೆಯುವ ಕೈಗಳು ದಾವಣಗೆರೆಯಲ್ಲಿ ಇನ್ನೂ ಇವೆ. ಅದನ್ನೇ ಮಾಡಿಸಿ. ಬ್ಲಾಕಿನ ಬದಿಯ ನೀರಿನ ತಿರುಪನ್ನೂ ಮರೆಯಬೇಡಿ. ನಮ್ಮದನ್ನು ಬಿಚ್ಚಿದಾಗ ಒಂದು ಹನಿಯೂ ಬರಲಿಲ್ಲ. ತಂತಿ ಚುಚ್ಚಿ ಆಡಿಸಿದ ಮೇಲೆ ಕೆಂಪು ಕೆಸರು ಇಳಿಯಿತು. ಕೆಸರು ಹೆಚ್ಚಾಗಿ ಕೂರುವುದು ಎಂಜಿನ್ನಿನ ಹಿಂಬದಿಯಲ್ಲಿ, ಅಂದರೆ 3 ಮತ್ತು 4ನೇ ಸಿಲಿಂಡರುಗಳ ಸುತ್ತ. ಗೇಜಿನ ಅಂಕಿ ತೋರಿಸಿದ್ದ ಜಾಗವೂ ಅದೇ.

ಹೆಡ್ ಬಿಚ್ಚುವಾಗ

ಎಂಜಿನ್ ಪೂರ್ತಿ ಆರಿರಬೇಕು. ಬಿಸಿ ಇರುವಾಗ ನಟ್ಟು ಸಡಿಲಿಸಿದರೆ ಹೆಡ್ ಸೊಟ್ಟಗಾಗುತ್ತದೆ. ಬ್ಯಾಟರಿ ಸಂಪರ್ಕ ತಪ್ಪಿಸಿ, ನೀರು ಇಳಿಸಿ, ಕಾರ್ಬ್ಯುರೇಟರ್, ಸೈಲೆನ್ಸರ್ ಪೈಪ್, ಹೋಸುಗಳನ್ನು ಬಿಡಿಸಿಕೊಳ್ಳಿ. ವಾಲ್ವುಗಳನ್ನು ಒತ್ತುವ ರಾಕರುಗಳ ಶಾಫ್ಟ್ ಎತ್ತಿದ ಮೇಲೆ, ಅವನ್ನು ಕೆಳಗಿನಿಂದ ತಳ್ಳುವ ಪುಶ್ ರಾಡುಗಳನ್ನು ಒಂದೊಂದಾಗಿ, ಮೊದಲು ಸ್ವಲ್ಪ ತಿರುಗಿಸಿ ಎಳೆಯಿರಿ. ಸುಮ್ಮನೆ ಎಳೆದರೆ ರಾಡಿನ ಬುಡದಲ್ಲಿರುವ ಟ್ಯಾಪೆಟ್ ಆಯಿಲಿಗೆ ಅಂಟಿಕೊಂಡು ಮೇಲೆದ್ದು ಬೀಳಬಹುದು. ರಟ್ಟಿನ ತುಂಡಿನಲ್ಲಿ ಎಂಟು ತೂತು ಮಾಡಿ ಸಾಲಾಗಿ ಚುಚ್ಚಿಡಿ. ಯಾವುದು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು.

ಹೆಡ್ಡಿನ ನಟ್ಟುಗಳನ್ನು ಅಂಚಿನಿಂದ ನಡುವಿಗೆ, ಒಂದೊಂದಕ್ಕೂ ಕಾಲು ಸುತ್ತಿನಂತೆ ಸಡಿಲಿಸುತ್ತಾ ಬನ್ನಿ. ಎಲ್ಲ ಬಿಚ್ಚಿದರೂ ಹೆಡ್ ಏಳದಿರುವುದು ಸಾಮಾನ್ಯ, ನಟ್ಟು ಕೂರುವ ಕಂಬಿಗಳಾದ ಸ್ಟಡ್‌ಗಳ ಸುತ್ತ ಅಲ್ಯೂಮಿನಿಯಂ ತುಕ್ಕು ಹಿಡಿದಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಮೆತ್ತಗಿನ ಅಲ್ಯೂಮಿನಿಯಂ ಮೇಲೆ ಬೀಳುವ ಗಾಯ ಮುಂದಿನ ಗ್ಯಾಸ್ಕೆಟ್ಟಿಗೆ ಸೋರುವ ದಾರಿ. ನಮ್ಮ ಹೆಡ್ಡಿನ ಮೇಲೆ ಅಂಥ ಎರಡು ಗಾಯ ಆಗಲೇ ಇದ್ದವು.

ಹಳೆಯ ಗ್ಯಾಸ್ಕೆಟ್ಟನ್ನು ಬಿಸಾಡದೆ ಬೆಳಕಿಗೆ ಹಿಡಿದು ಓದಿ. 3 ಮತ್ತು 4ರ ನಡುವಿನ ತೆಳು ಪಟ್ಟಿಯಲ್ಲಿ ಕಪ್ಪು ಗೆರೆ, ಅಲ್ಲಿಂದ ನೀರಿನ ತೂತಿನ ಕಡೆಗೆ ಕೂದಲೆಳೆಯಷ್ಟು ಕಂದು ದಾರಿ: ಗೇಜಿನ ಅಂಕಿಗೂ ಗುಳ್ಳೆಗೂ ಅದೊಂದೇ ವಿವರಣೆ. ಹಳೆಯ ಗ್ಯಾಸ್ಕೆಟ್ಟುಗಳ ಒಳಪದರದಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಅದರ ಧೂಳು ಪುಪ್ಪುಸಕ್ಕೆ ಅಪಾಯ. ಒಣಗಿದ್ದನ್ನು ಬ್ರಷ್ಷಿನಿಂದ ಉಜ್ಜಬೇಡಿ, ಗಾಳಿ ಊದಬೇಡಿ. ನೆನೆಸಿ, ಮೂಗಿಗೆ ಮುಸುಕು ಕಟ್ಟಿ, ಪ್ಲಾಸ್ಟಿಕ್ ಅಥವಾ ಮರದ ಚಕ್ಕೆಯಿಂದ ಕೆರೆಯಿರಿ.

ಮುಖ ಸ್ವಚ್ಛವಾದ ಮೇಲೆ ಉಕ್ಕಿನ ನೇರ ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ. 0.05 ಮಿಲಿಮೀಟರಿನ ಎಲೆ ಎಲ್ಲಾದರೂ ಸಲೀಸಾಗಿ ನುಸುಳಿದರೆ ಲೇತಿನವರ ಹತ್ತಿರ ಫೇಸಿಂಗ್ ಮಾಡಿಸಬೇಕು, ಅಂದರೆ ಮುಖವನ್ನು ಕೆತ್ತಿಸಿ ಸಮ ಮಾಡಿಸಬೇಕು. ನಮ್ಮದರಲ್ಲಿ 0.10ರ ಎಲೆಯೂ ನಡುವಿನಲ್ಲಿ ನುಸುಳಿತು. ಎರಡು ಸಲ ಹೊಸ ಗ್ಯಾಸ್ಕೆಟ್ ಕೂತದ್ದು ಈ ಸೊಟ್ಟ ಹೆಡ್ಡಿನ ಕೆಳಗೆ. ಫೇಸಿಂಗ್ ಮಾಡುವವರಿಗೆ ಸಮವಾಗುವಷ್ಟು ಮಾತ್ರ ತೆಗೆಯಿರಿ ಎಂದು ಬಾಯಿಬಿಟ್ಟು ಹೇಳಿ, ಎಷ್ಟು ತೆಗೆದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹೆಚ್ಚು ತೆಗೆದರೆ ಕಂಪ್ರೆಷನ್ ಏರಿ ಎಂಜಿನ್ ಕಟಕಟಗುಟ್ಟುತ್ತದೆ.

ಅದಕ್ಕೂ ಮುಂಚೆ ಬಿರುಕಿನ ಪರೀಕ್ಷೆ ಮಾಡಿಸಿ. ನೀರಿನ ತೂತುಗಳನ್ನು ಮುಚ್ಚಿ, ಒಳಗೆ ಗಾಳಿ ತುಂಬಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ಗುಳ್ಳೆ ಬರುವ ಜಾಗ ಬಿರುಕು. ಹೆಡ್ ಕೈಯಲ್ಲಿರುವಾಗಲೇ ಅದನ್ನು ತಲೆಕೆಳಗಾಗಿಟ್ಟು, ಪ್ಲಗ್ಗುಗಳನ್ನು ಹಾಕಿ, ವಾಲ್ವ್ ಗುಳಿಗಳಿಗೆ ಸೀಮೆಎಣ್ಣೆ ತುಂಬಿ ಕಾಲು ಗಂಟೆ ನೋಡಿ. ವಾಲ್ವಿನ ಹಿಂದಿನ ಗಾಳಿದಾರಿಯಾದ ಪೋರ್ಟಿನೊಳಗೆ ಇಳಿಯುತ್ತಿದ್ದರೆ, ವಾಲ್ವನ್ನು ಉಜ್ಜಿ ಬಿಗಿಯಾಗಿ ಕೂರಿಸುವ ವಾಲ್ವ್ ಗ್ರೈಂಡಿಂಗ್ ಕೂಡ ಈಗಲೇ ಆಗಲಿ.

ಮತ್ತೆ ಕೂರಿಸುವಾಗ

ಹೊಸ ಗ್ಯಾಸ್ಕೆಟ್ಟನ್ನು ಅಂಗಡಿಯಲ್ಲೇ ಹಳೆಯದರ ಮೇಲೆ ಇಟ್ಟು ಒಂದೊಂದು ತೂತನ್ನೂ ಹೋಲಿಸಿ. ಪದ್ಮಿನಿಯ ತಯಾರಿಕೆ ನಿಂತು ಎಷ್ಟೋ ವರ್ಷವಾಯಿತು, ಈಗ ಸಿಗುವ ಎಷ್ಟೋ ಸರಕು ಗೋದಾಮಿನಲ್ಲಿ ಬಹಳ ಕಾಲ ಕುಳಿತದ್ದು. ಮಡಚಿದ ಗುರುತಿದ್ದರೆ, ಅಂಚು ಪುಡಿಯಾಗುತ್ತಿದ್ದರೆ ಬೇಡ ಎನ್ನಿ.

ಸ್ಟಡ್ಡುಗಳ ಎಳೆಗಳನ್ನು ಸ್ವಚ್ಛಮಾಡಿ ಎರಡು ಹನಿ ಎಣ್ಣೆ ಸವರಿ. ಗ್ಯಾಸ್ಕೆಟ್ಟಿನ ಮೇಲ್ಮುಖ ಯಾವುದೆಂದು ನೋಡಿಕೊಂಡು ಕೂರಿಸಿ. ಬಿಗಿಯುವಾಗ ಬಿಚ್ಚಿದ್ದಕ್ಕೆ ವಿರುದ್ಧ ಕ್ರಮ: ನಡುವಿನಿಂದ ಹೊರಟು ಸುತ್ತುತ್ತಾ ಅಂಚಿಗೆ, ಮೂರು ಹಂತದಲ್ಲಿ, ಬಿಗಿತವನ್ನು ಅಳೆದು ತೋರುವ ಟಾರ್ಕ್ ರೆಂಚಿನಿಂದ, ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿರುವ ಅಂಕಿಗೆ. ಕೈ ಅಂದಾಜು ಬೇಡ. ನಲವತ್ತು ವರ್ಷ ಈ ಕೆಲಸ ಮಾಡಿದ ಮೇಸ್ತ್ರಿಗಳೂ ಟಾರ್ಕ್ ರೆಂಚನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿದ್ದರು, ಹೆಡ್ಡಿನ ನಟ್ಟಿಗೆ ಮಾತ್ರ ಹೊರತೆಗೆಯುತ್ತಿದ್ದರು.

ಟ್ಯಾಪೆಟ್ ಸಂದು (ರಾಕರಿಗೂ ವಾಲ್ವಿಗೂ ನಡುವೆ ಬಿಡುವ ಸಣ್ಣ ಜಾಗ) ಹೊಂದಿಸಲು ಸುಲಭದ ಲೆಕ್ಕ: ಉರಿಯುವ ಕ್ರಮ 1-3-4-2. ಎಂಜಿನ್ ಕೈಯಿಂದ ತಿರುಗಿಸುತ್ತಾ 4ನೇ ಸಿಲಿಂಡರಿನ ಎರಡು ವಾಲ್ವುಗಳು ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ತೂಗುವಲ್ಲಿ ನಿಲ್ಲಿಸಿ 1ರ ಸಂದು ನೋಡಿ. 1 ತೂಗುವಾಗ 4. 2 ತೂಗುವಾಗ 3. 3 ತೂಗುವಾಗ 2. ಎರಡೂ ಸೇರಿದರೆ ಯಾವಾಗಲೂ ಐದು.

ಗಾಡಿಯ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಕೂಲೆಂಟನ್ನು ನಿಧಾನವಾಗಿ ತುಂಬಿ. ಮುಚ್ಚಳ ಹಾಕದೆ ಹಚ್ಚಿ, ಗುಳ್ಳೆ ನಿಲ್ಲುವ ತನಕ ತುಂಬಿಸುತ್ತಿರಿ. ಎಂಜಿನ್ ಆಯಿಲನ್ನೂ ಫಿಲ್ಟರನ್ನೂ ಬದಲಿಸಿ. ಹಳೆಯ ಬಗೆಯ ಗ್ಯಾಸ್ಕೆಟ್ ಕಾದು ಆರಿದಂತೆ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ 500 ಕಿಲೋಮೀಟರ್ ಓಡಿದ ಮೇಲೆ ಆರಿದ ಎಂಜಿನ್ನಿನಲ್ಲಿ ನಟ್ಟುಗಳನ್ನು ಅದೇ ಕ್ರಮದಲ್ಲಿ ಒಂದೊಂದಾಗಿ ಸ್ವಲ್ಪ ಸಡಿಲಿಸಿ ಮತ್ತೆ ಅದೇ ಅಂಕಿಗೆ ಬಿಗಿಯಬೇಕು, ಟ್ಯಾಪೆಟ್ ಸಂದು ಮತ್ತೊಮ್ಮೆ ನೋಡಬೇಕು. ಆ ದಿನವೇ ಕಂಪ್ರೆಷನ್ ಕೂಡ ಅಳೆದು ಬಾನೆಟ್ಟಿನ ಒಳಮೈಗೆ ಒಂದು ಚೀಟಿ ಅಂಟಿಸಿ. ನಮ್ಮ ಗಾಡಿಯ ಚೀಟಿಯಲ್ಲಿ ಈಗ 122, 120, 120, 118 ಎಂದಿದೆ. ಅದರ ಕೆಳಗೆ ಕೂಲೆಂಟ್ ಬದಲಿಸಿದ ತಾರೀಖು.